ಸವಳಂಗ ರಸ್ತೆ ಹಿಡಿದು ಕೌದಿಯ ಸೀಮೆಗೆ

ಶಿವಮೊಗ್ಗದ ಸವಳಂಗ ರಸ್ತೆಯ ಯಾವ ಬಡಾವಣೆಗೆ ಹೋದರೂ ಬೀರುವಿನ ಕೆಳಖಾನೆಯಲ್ಲಿ ಅಮ್ಮನ, ಅಜ್ಜಿಯ ಹತ್ತಿ ಸೀರೆಗಳು ಮಡಿಕೆ ಬಿಚ್ಚದೆ ಕೂತಿರುತ್ತವೆ. ಉಡಲು ಆಗದು, ಎಸೆಯಲು ಮನಸ್ಸು ಬಾರದು. ಅವನ್ನು ಏನು ಮಾಡಬೇಕೆಂದು ಬಲ್ಲವರು ಇದೇ ರಸ್ತೆಯ ಮುಂದಿನ ಊರುಗಳಲ್ಲಿದ್ದಾರೆ. ನವುಲೆ ದಾಟಿ ಸವಳಂಗ, ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಹಾನಗಲ್ಲು ಹಾದು ಮುಂಡಗೋಡಿನತ್ತ ಹೋಗುವ ದಾರಿ ಕೌದಿಯ ಸೀಮೆಗೆ ಹೋಗುವ ದಾರಿ.

ಕೌದಿಗೆ ಮೊದಲೇ ಬರೆದಿಟ್ಟ ನಕ್ಷೆ ಇರುವುದಿಲ್ಲ. ಹೊಲಿಯುವಾಕೆ ಎರಡು ಮೂರು ಹಳೆ ಸೀರೆಗಳನ್ನು ನೆಲದ ಮೇಲೆ ಒಂದರ ಮೇಲೊಂದು ಹಾಸಿ, ಸುಕ್ಕು ಬಿಡಿಸಿ, ಮೂಲೆಗಳಿಗೆ ಕಲ್ಲು ಹೇರಿ, ಚಿಂದಿಯ ಗಂಟು ಬಿಚ್ಚಿಕೊಂಡು ಕೂರುತ್ತಾಳೆ. ಗಂಟಿನಲ್ಲಿ ಮಗನ ಶಾಲೆಯ ಅಂಗಿ, ಹಿರಿಯರ ಧೋತರದ ಅಂಚು, ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಚೂರು. ಯಾವ ತುಂಡಿನ ಪಕ್ಕ ಯಾವುದು ಎಂಬುದು ಅಲ್ಲೇ, ಕಣ್ಣಳತೆಯಲ್ಲೇ ತೀರ್ಮಾನವಾಗುತ್ತದೆ. ಕೆಂಪು ತೀರಿಹೋದರೆ ಅಲ್ಲಿಂದ ಮುಂದೆ ಕಂದು. ತುಂಡು ಗಿಡ್ಡವಾದರೆ ಅದಕ್ಕೊಂದು ಪಟ್ಟಿ ಜೋಡಣೆ. ಹೀಗೆ ಹುಟ್ಟಿದ ಕೌದಿಯನ್ನು ಅದೇ ಹೆಂಗಸು ಮತ್ತೊಮ್ಮೆ ಹೊಲಿಯಲಾರಳು. ಎರಡನೆಯ ಸಲಕ್ಕೆ ಗಂಟಿನೊಳಗಿನ ಬಟ್ಟೆಯೇ ಬೇರೆ.

ಹಾಗೆಂದು ಇದು ಮನಸ್ಸಿಗೆ ಬಂದಂತೆ ಮಾಡುವ ಕೆಲಸವಲ್ಲ. ಬಣ್ಣಕ್ಕಿರುವ ಸ್ವಾತಂತ್ರ್ಯ ಹೊಲಿಗೆಗಿಲ್ಲ. ಸಾಲಿಗೂ ಸಾಲಿಗೂ ನಡುವೆ ಹೆಚ್ಚೆಂದರೆ ಬೆರಳಗಲ ಜಾಗ. ಸೂಜಿ ಪ್ರತಿ ಸಲವೂ ಅಷ್ಟೂ ಪದರಗಳನ್ನು ದಾಟಿ ಕೆಳಗಿಳಿದು ಮೇಲೆ ಬರಬೇಕು. ಒಂದು ಪದರ ತಪ್ಪಿಸಿಕೊಂಡರೆ ಒಗೆದಾಗ ಅಲ್ಲಿ ಬಟ್ಟೆ ಮುದ್ದೆಗಟ್ಟುತ್ತದೆ. ಹೊಲಿಗೆ ಇಷ್ಟು ಬಿಗಿಯಾಗಿರುವುದರಿಂದಲೇ ಬಣ್ಣ ಅಷ್ಟು ಸಡಿಲವಾಗಿರಬಹುದು. ಯಂತ್ರದಲ್ಲಿ ಅಂಚಿಗೆ ಅಂಚು ಕೂಡಿಸಿ ಹೊಲಿಯುವವರಿಗೆ ತುಂಡುಗಳೆಲ್ಲ ಅಳತೆಗೆ ಸರಿಯಾಗಿರಬೇಕು. ಕೌದಿಯಲ್ಲಿ ತುಂಡು ತಳದ ಬಟ್ಟೆಯ ಮೇಲೆ ಕೂರುತ್ತದೆ, ಅಂಚು ಒಳಕ್ಕೆ ಮಡಿಚಿಕೊಳ್ಳುತ್ತದೆ. ಓರೆಯಾದರೂ ಸರಿ, ಮುಕ್ಕಾದರೂ ಸರಿ, ಎಲ್ಲವನ್ನೂ ಒಂದೇ ಸಾಲು ಹೊಲಿಗೆ ಹಿಡಿದುಕೊಳ್ಳುತ್ತದೆ. ಹೊಲಿಗೆ ಬರದವರು ಕೌದಿಯ ಚೆಂದವನ್ನು ಬಣ್ಣದಲ್ಲಿ ಮಾತ್ರ ಹುಡುಕುತ್ತಾರೆ. ಕೌದಿಯನ್ನು ಮಗುಚಿ ಹಿಂಬದಿಯನ್ನೂ ನೋಡಬೇಕು.

ಮುಂಡಗೋಡ, ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕೌದಿಯಲ್ಲಿ ಹೊಲಿಗೆಯ ಈ ಶಿಸ್ತು ಇನ್ನೂ ಸ್ಪಷ್ಟ. ಆಫ್ರಿಕಾದಿಂದ ಬಂದು ಶತಮಾನಗಳಿಂದ ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆಸಿರುವ ಇವರು ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ಸುತ್ತುತ್ತ, ಸುತ್ತು ಕಿರಿದಾಗುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಿಚಿ ಮಾಡಿದ ಮುಮ್ಮೂಲೆಯ ಹೂ ಕೂರಬೇಕು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈ. ಕ್ರೈಸ್ತ ಸಿದ್ದಿಯರ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರ ಕೌದಿಯಲ್ಲಿ ಅರ್ಧಚಂದ್ರ ಕಾಣಿಸಿಕೊಳ್ಳುವುದುಂಟು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವನ್ನು ಕಂಡು ಬೆರಗಾಗಿ, 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಕಟ್ಟಲು ನೆರವಾದರು. ಆಮೇಲೆ ಈ ಕೌದಿಗಳು ಅಮೆರಿಕದ ಪ್ರದರ್ಶನ ಶಾಲೆಗಳ ಗೋಡೆ ಏರಿದವು.

ಅಮೆರಿಕದಲ್ಲೂ ಇಂಥದೊಂದು ಊರಿದೆ. ಅಲಬಾಮಾದ ಜೀಸ್ ಬೆಂಡ್‌ನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕುಟುಂಬಗಳ ಹೆಣ್ಣುಮಕ್ಕಳು ಹೊಲದಲ್ಲಿ ತೊಟ್ಟು ಹರಿದ ಪ್ಯಾಂಟು, ಅಂಗಿ, ಹಿಟ್ಟಿನ ಚೀಲಗಳನ್ನು ಕೂಡಿಸಿ ಹೊದಿಕೆ ಹೊಲಿಯುತ್ತ ಬಂದರು. 2002ರಲ್ಲಿ ಅವು ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ, ಬಳಿಕ ನ್ಯೂಯಾರ್ಕಿನ ವಿಟ್ನಿಯಲ್ಲಿ ತೂಗಿದವು. 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೂ ಬಂದವು. ಇವತ್ತು ಅಳತೆಪಟ್ಟಿ ಪಕ್ಕಕ್ಕಿಟ್ಟು ಹೊಲಿಯಲು ಹೊರಟ ಪಟ್ಟಣದವರು ಪಾಠ ಕಲಿಯುವುದು ಆ ಹೆಂಗಸರಿಂದ. ನಮಗೆ ಆ ಪಾಠ ಹಾನಗಲ್ಲಿನಾಚೆಯೇ ಸಿಗುತ್ತದೆ ಎಂಬುದು ನನಗೆ ದೊಡ್ಡ ಸಂತೋಷದ ಸಂಗತಿ.

ಅಷ್ಟು ದೂರವೂ ಹೋಗಬೇಕಿಲ್ಲ. ಸವಳಂಗದ ಬಳಿ, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ, ಅಂದರೆ ಲಂಬಾಣಿಗರ, ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿಯ ಜಯಂತಿಗೆ ನಾಡಿನ ತಾಂಡಾಗಳೆಲ್ಲ ಅಲ್ಲಿ ನೆರೆಯುತ್ತವೆ. ಹಿರಿಯ ಹೆಂಗಸರ ಲಂಗ, ಕಾಂಚಳಿ, ಮುಸುಕು ನೋಡಬೇಕು: ಕೆಂಪು, ಹಳದಿ, ನೀಲಿ ತುಂಡುಗಳ ಜೋಡಣೆ, ಅದರ ಮೇಲೆ ಕನ್ನಡಿ, ಕವಡೆ, ದಾರದ ಕಸೂತಿ. ಈ ಕಸೂತಿಯನ್ನು ಬದುಕಿನ ದಾರಿ ಮಾಡಿಕೊಟ್ಟದ್ದು ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಅಲ್ಲಿಟ್ಟ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಷ್ಟಾದರೂ ನಮ್ಮ ಊರಿನ ಮದುವೆಮನೆಗಳಲ್ಲಿ ಉಡುಗೊರೆ ಎಂದರೆ ಪ್ಲಾಸ್ಟಿಕ್ ಚೀಲದ ಪಾಲಿಯೆಸ್ಟರ್ ರಗ್ಗೇ ಮುಂದೆ ಬರುತ್ತದೆ. ಇದು ಬದಲಾಗಬೇಕು.

ಮನೆಯಲ್ಲಿ ಹೊಲಿಯಲು ಕೂರುವವರು ದೊಡ್ಡ ಕೌದಿಗೆ ಮೊದಲೇ ಕೈಹಾಕುವುದು ಬೇಡ. ಅಂಗೈಯಗಲದ ಕೆಲಸಗಳಿಂದ ಕೈ ಪಳಗಲಿ. ಬಿಸಿ ಪಾತ್ರೆ ಇಳಿಸಲು ನಾಲ್ಕು ಪದರದ ಚೌಕ ಬಟ್ಟೆ ಒಂದು ಸಂಜೆಗೆ ಮುಗಿಯುತ್ತದೆ. ಎಳೆಮಗುವಿಗೆ ಖಣದ ಚೂರುಗಳ ಕುಲಾವಿ. ಆಮೇಲೆ ಅಡಿಕೆಯ ನಾಡಿನವರಿಗೆ ತಕ್ಕ ಎಲೆ-ಅಡಿಕೆ ಸಂಚಿ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಜೇಬು, ಬಾಯಿಗೆ ಎಳೆದರೆ ಮುಚ್ಚುವ ದಾರ. ತುಂಡು ಬಟ್ಟೆಯಿಂದ ಉಪಯುಕ್ತ ವಸ್ತು ಕಟ್ಟುವ ಜಾಣ್ಮೆಗೆ ಇದಕ್ಕಿಂತ ಒಳ್ಳೆಯ ಮಾದರಿ ನಾನು ಕಂಡಿಲ್ಲ. ಎಲೆ ಹಾಕದವರು ಅದರಲ್ಲಿ ಫೋನು, ಚಾರ್ಜರ್ ಇಟ್ಟುಕೊಳ್ಳಬಹುದು.

ಬಟ್ಟೆ ಹತ್ತಿಯದೇ ಇರಲಿ, ಒಗೆದು ಬಣ್ಣ ಬಿಟ್ಟು ಮುಗಿದಿರಲಿ. ಪಾಲಿಯೆಸ್ಟರ್ ಸೇರಿದರೆ ಒಂದು ಕುಗ್ಗಿ ಒಂದು ಹಾಗೇ ಉಳಿದು ಸುಕ್ಕಾಗುತ್ತದೆ. ದಬ್ಬಣ ಬೇಡ, ಅದು ಗೋಣಿಚೀಲಕ್ಕೆ. ಉದ್ದನೆಯ ಸೂಜಿ ಸಾಕು. ದಾರವನ್ನು ಒಂದು ಮಾರಿಗಿಂತ ಉದ್ದ ಎಳೆದರೆ ಸಿಕ್ಕಾಗುತ್ತದೆ. ತುಂಡು ಸಾಲದಾದರೆ ದರ್ಜಿಯ ಅಂಗಡಿಯಲ್ಲಿ ಕೇಳಿ. ಭದ್ರಾವತಿ, ಮಾಚೇನಹಳ್ಳಿ ಕಡೆಯ ಎಷ್ಟೋ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಯಂತ್ರ ತುಳಿಯುವವರು. ಬಟ್ಟೆಯ ಎಳೆ ಯಾವ ಕಡೆ ಜಗ್ಗುತ್ತದೆಂದು ಅವರಷ್ಟು ಚೆನ್ನಾಗಿ ಹೇಳುವವರಿಲ್ಲ.

ಮೊದಲ ಕೌದಿ ತೊಟ್ಟಿಲ ಮಗುವಿಗೇ ಆಗಲಿ, ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ. ಸಿದ್ದಿಯರಂತೆ ಮೂಲೆಯಿಂದ ಹೊರಟು ನಡುವಿಗೆ ಬನ್ನಿ. ಕೆಲವು ಕಡೆ ನಡುವಿನ ಆ ಕೊನೆಯ ಜಾಗವನ್ನು ಕೌದಿಯ ಹೊಟ್ಟೆ ಎಂದು ಕರೆದು, ಹೊದ್ದವರು ಹಸಿಯಬಾರದೆಂದು ಅದರೊಳಗೆ ರೊಟ್ಟಿಯ ಚೂರಿಟ್ಟು ಹೊಲಿಗೆ ಮುಚ್ಚುತ್ತಾರೆ. ಶಿವಮೊಗ್ಗದಲ್ಲಿ ಜೂನ್ ಹಿಡಿದ ಮೇಲೆ ದಪ್ಪ ಕೌದಿ ಒಗೆದರೆ ಒಣಗುವುದು ಕಷ್ಟ. ಶಿವರಾತ್ರಿ ಕಳೆದು ಬಿಸಿಲು ಏರುವಾಗ ಶುರುಮಾಡಿ, ಮೊದಲ ಒಗೆತ ಮೇ ತಿಂಗಳೊಳಗೆ ಮುಗಿಯಲಿ.