ನಿಮಗಿದು ಗೊತ್ತೇ? ಹಿಡಿದ ಮಸಿಯನ್ನು ತಾನೇ ಸುಟ್ಟು ಹಾಕುವ ಟ್ರ್ಯಾಕ್ಟರ್!

ಸಿಂಗಪುರದ ಒನ್-ನಾರ್ತ್ ಬಗ್ಗೆ ಕೇಳಿದ್ದೀರಾ? ಸುಮಾರು 200 ಹೆಕ್ಟೇರ್ ಜಾಗದ ತುಂಬ ಪ್ರಯೋಗಾಲಯ, ಸ್ಟಾರ್ಟಪ್, ಗಾಜಿನ ಕಟ್ಟಡ. ಅದರ ನಕ್ಷೆ ಹಾಕಿದ್ದು ಹೆಸರಾಂತ ವಾಸ್ತುಶಿಲ್ಪಿ ಝಾಹಾ ಹದೀದ್ ಅವರ ಸಂಸ್ಥೆ. ಭೂಮಧ್ಯರೇಖೆಯಿಂದ ಬರೀ ಒಂದು ಡಿಗ್ರಿ ಉತ್ತರಕ್ಕಿದೆ, ಅದಕ್ಕೇ ಆ ಹೆಸರು. ಅಲ್ಲಿ ಟ್ರ್ಯಾಕ್ಟರ್‌ಗೇನು ಕೆಲಸ ಅಂತೀರಾ? ಸ್ವಲ್ಪ ತಾಳಿ!

2016ರ ಆಗಸ್ಟ್‌ನಲ್ಲಿ ಜಗತ್ತು ಈ ಒನ್-ನಾರ್ತ್ ಕಡೆ ತಿರುಗಿ ನೋಡಿತು. ತಾನಾಗಿಯೇ ಓಡುವ ಟ್ಯಾಕ್ಸಿಗೆ ಜನಸಾಮಾನ್ಯರನ್ನು ಹತ್ತಿಸಿಕೊಂಡದ್ದು ಜಗತ್ತಿನಲ್ಲೇ ಮೊದಲು ಇಲ್ಲಿ. ನುಟೋನಮಿ ಕಂಪನಿಯ ಆ ಪುಟ್ಟ ಕಾರುಗಳೆಲ್ಲ ಬ್ಯಾಟರಿಯವು. ಹೊಗೆ ಬಿಡೋಣ ಎಂದರೆ ಸೈಲೆನ್ಸರೇ ಇಲ್ಲ!

ಆದರೆ ಒನ್-ನಾರ್ತ್ ಪಕ್ಕದಲ್ಲೇ ಹಾದುಹೋಗುವ ಆಯರ್ ರಾಜಾ ಎಕ್ಸ್‌ಪ್ರೆಸ್‌ವೇಯಲ್ಲಿ ಡೀಸೆಲ್ ಲಾರಿಗಳು ಈಗಲೂ ಓಡುತ್ತವೆ. 2018ರಿಂದ ಸಿಂಗಪುರದಲ್ಲಿ ನೋಂದಣಿಯಾಗುವ ಹೊಸ ಡೀಸೆಲ್ ಗಾಡಿಗಳು ಯೂರೋ 6 ನಿಯಮ ಪಾಲಿಸಲೇಬೇಕು. ಹಾಗಾಗಿ ಅಂಥ ಲಾರಿಯ ಸೈಲೆನ್ಸರ್ ಕಡೆಗೆ ಒಂದು ಫಿಲ್ಟರ್ ಕೂತಿರುತ್ತದೆ. ಅದೇ ಡಿಪಿಎಫ್, ಅಂದರೆ ಡೀಸೆಲ್ ಮಸಿ ಹಿಡಿಯುವ ಫಿಲ್ಟರ್. ಅಮೆರಿಕ, ಯುರೋಪಿನಲ್ಲಿ ಮಾರುವ ಹಲವು ಚಿಕ್ಕ ಟ್ರ್ಯಾಕ್ಟರ್‌ಗಳಲ್ಲೂ ಇದೇ ಸಾಮಾನು!

ಆ ಫಿಲ್ಟರ್ ಹೇಗಿದೆ ಗೊತ್ತೇ? ಜೇನುಗೂಡಿನಂಥ ಪಿಂಗಾಣಿ ದಿಂಡು. ಒಂದು ಚದರ ಇಂಚಿನಲ್ಲಿ 200-300 ಕೊಳವೆ. ತಮಾಷೆ ಏನೆಂದರೆ, ಪ್ರತಿ ಕೊಳವೆಗೂ ಒಂದು ಬದಿ ಬಿರಡೆ ಹಾಕಿ ಮುಚ್ಚಿರುತ್ತಾರೆ! ಒಂದರ ಬಾಯಿ ಈ ಕಡೆ ಬಂದ್, ಪಕ್ಕದ್ದರ ಬಾಯಿ ಆ ಕಡೆ ಬಂದ್. ಒಳಗೆ ನುಗ್ಗಿದ ಹೊಗೆಗೆ ದಾರಿ ಎಲ್ಲಿ? ಗೋಡೆಯ ಮೂಲಕವೇ ತೂರಿ ಹೊರಗೆ ಬರಬೇಕು. ಮಸಿ ಗೋಡೆಯಲ್ಲೇ ಉಳಿಯುತ್ತದೆ.

ಈಗ ನಂಬಲಾಗದ ಮಾತು. ಆ ಗೋಡೆಯ ರಂಧ್ರ ಸುಮಾರು 10ರಿಂದ 20 ಮೈಕ್ರಾನ್. ಮಸಿಯ ಕಣವೋ, ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದ ಆಸುಪಾಸು. ಅಂದರೆ ತೂತು ಕಣಕ್ಕಿಂತ ನೂರು ಪಟ್ಟು ದೊಡ್ಡದು! ಆದರೂ ನೂರಕ್ಕೆ 99ಕ್ಕೂ ಹೆಚ್ಚು ಕಣ ಸಿಕ್ಕಿಬೀಳುತ್ತವೆ. ಹೇಗೆ? ಅಷ್ಟು ಸಣ್ಣ ಕಣ ನೇರವಾಗಿ ಹೋಗುವುದಿಲ್ಲ. ಅತ್ತಿತ್ತ ತೂರಾಡುತ್ತಾ ಗೋಡೆಗೆ ಬಡಿದು ಅಂಟಿಕೊಳ್ಳುತ್ತದೆ. ಮೊದಲು ಅಂಟಿದ ಮಸಿಯ ಪದರವೇ ಮುಂದೆ ಬರುವ ಮಸಿಯನ್ನು ಸೋಸುತ್ತದೆ.

ಹಾಗಾದರೆ ಇದನ್ನೂ ಕೇಳಿ: ಆಗಷ್ಟೇ ಸ್ವಚ್ಛ ಮಾಡಿದ ಫಿಲ್ಟರ್‌ಗಿಂತ ಸ್ವಲ್ಪ ಕೊಳೆಯಾದ ಫಿಲ್ಟರ್ ಚೆನ್ನಾಗಿ ಸೋಸುತ್ತದೆ!

ಒನ್-ನಾರ್ತ್‌ನ ಬಯೋಪೊಲಿಸ್ ಎಂಬ ಪ್ರಯೋಗಾಲಯ ಸಮೂಹದಲ್ಲಿ ನ್ಯಾನೋಸ್ ಹೆಸರಿನ ಕಟ್ಟಡವೇ ಇದೆ. ಡೀಸೆಲ್ ಮಸಿಯನ್ನು ಅಳೆಯುವುದೂ ನ್ಯಾನೋಮೀಟರ್ ಲೆಕ್ಕದಲ್ಲೇ. ಈ ಸಣ್ಣತನವೇ ಅಪಾಯ. ಮೂಗು ತಡೆಯಲಾರದ ಕಣ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂಬುದು ಖಚಿತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲೇ ಘೋಷಿಸಿದೆ.

ಸರಿ, ಹಿಡಿದ ಮಸಿಯನ್ನು ಎಲ್ಲಿಗೆ ಹಾಕುವುದು? ಎಲ್ಲಿಗೂ ಇಲ್ಲ. ಅಲ್ಲೇ ಸುಡುವುದು! ಇದಕ್ಕೇ ರೀಜನರೇಷನ್ ಅನ್ನುತ್ತಾರೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಬರೀ ‘ರೀಜನ್’.

ಮಸಿ ತಾನಾಗಿ ಉರಿಯಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಎಷ್ಟು ಬಿಸಿ ಅಂತ ಊಹಿಸಿ. ಸೀಸ 327 ಡಿಗ್ರಿಗೆ ಕರಗಿ ಹರಿಯುತ್ತದೆ. ಸತು 420ಕ್ಕೆ. ಅಲ್ಯೂಮಿನಿಯಂ 660ಕ್ಕೆ. ನಿಮ್ಮ ಸೀಟಿನ ಮುಂದಿನ ಬಾನೆಟ್ ಕೆಳಗೆ ಸೀಸ, ಸತು ಎರಡನ್ನೂ ಕರಗಿಸುವಷ್ಟು ಶಾಖ!

ಆ ಶಾಖ ಬರುವುದು ಎಲ್ಲಿಂದ? ಇಲ್ಲೇ ಇರುವುದು ಚಮತ್ಕಾರ. ಇಂಜಿನ್‌ನ ಕಂಪ್ಯೂಟರ್ ತಪ್ಪು ಹೊತ್ತಿನಲ್ಲಿ ಬೇಕೆಂದೇ ಡೀಸೆಲ್ ಚಿಮ್ಮಿಸುತ್ತದೆ! ಪಿಸ್ಟನ್‌ನ ಕೆಲಸ ಮುಗಿದ ಮೇಲೆ ಸಿಲಿಂಡರಿಗೆ ಬಿದ್ದ ಆ ಡೀಸೆಲ್ ಅಲ್ಲಿ ಪೂರ್ತಿ ಉರಿಯದೆ ಹೊಗೆಯ ಜತೆ ಹೊರಡುತ್ತದೆ. ದಾರಿಯಲ್ಲಿರುವ ಕೆಟಲಿಸ್ಟ್ ಡಬ್ಬಿಯಲ್ಲಿ ಉರಿದು ಫಿಲ್ಟರನ್ನು ಕಾಯಿಸುತ್ತದೆ. ಗಾಲಿಯನ್ನು ಒಂದು ಇಂಚೂ ತಿರುಗಿಸದ ಡೀಸೆಲ್!

ಆ ಕೆಟಲಿಸ್ಟ್ ಡಬ್ಬಿಯಲ್ಲಿ ಏನಿದೆ ಗೊತ್ತೇ? ಪ್ಲಾಟಿನಂ, ಪಲೇಡಿಯಂ. ಮದುವೆಗೆ ಉಂಗುರ ಮಾಡಿಸುವ ಅದೇ ಪ್ಲಾಟಿನಂ. ಸೊಸೆಗೆ ಮಾಡಿಸಿದಿರೋ ಇಲ್ಲವೋ, ಟ್ರ್ಯಾಕ್ಟರಂತೂ ಹಾಕಿಸಿಕೊಂಡೇ ಬಂದಿದೆ!

ಇಷ್ಟು ನಾಜೂಕಾಗಿ ಹೊತ್ತು ನೋಡಿ ಡೀಸೆಲ್ ಚಿಮ್ಮಿಸಲು ಕಾಮನ್ ರೈಲ್ ಎಂಬ ಪದ್ಧತಿ ಬೇಕು. 1997ರಲ್ಲಿ ಇದನ್ನು ಕಾರುಗಳಿಗೆ ಮಾರುಕಟ್ಟೆಗೆ ತಂದ ಕಂಪನಿ ಬಾಷ್. ಬೆಂಗಳೂರಿನವರೇ, ಆಡುಗೋಡಿಯ ಕಾರ್ಖಾನೆ ನೆನಪಾಯಿತೇ? 1951ರಲ್ಲಿ ಶುರುವಾಗಿ, ಡೀಸೆಲ್ ಪಂಪ್ ಮಾಡುತ್ತಾ ಊರಿಡೀ ‘ಮೈಕೋ’ ಎಂದು ಹೆಸರಾದದ್ದು ಇದೇ ಬಾಷ್‌ನ ಕಂಪನಿ. ಬಿಟಿಎಂ ಪಕ್ಕದ ಮೈಕೋ ಲೇಔಟ್‌ನಲ್ಲಿ ಮನೆ ಮಾಡಿದವರು ಡೀಸೆಲ್ ಪಂಪಿನ ಹೆಸರಲ್ಲೇ ವಾಸವಿದ್ದೀರಿ!

ಮಾಡುವ ಕೆಲಸ ಭಾರಿಯಾದರೆ ತಡವಾಗಿ ಡೀಸೆಲ್ ಚಿಮ್ಮಿಸುವ ಈ ತಂತ್ರವೂ ಹೆಚ್ಚು ಬೇಕಿಲ್ಲ. ರೋಟವೇಟರ್ ಕಟ್ಟಿ ಚೆನ್ನಾಗಿ ದುಡಿಸಿದರೆ ಹೊಗೆಯೇ ಬಿಸಿಯಾಗಿರುತ್ತದೆ. ಸುಮಾರು 250 ಡಿಗ್ರಿ ದಾಟಿದರೆ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ನಿಧಾನವಾಗಿ ಮಸಿಯನ್ನು ತಿಂದು ಹಾಕತೊಡಗುತ್ತದೆ. ಆ ಅನಿಲವೂ ವಿಷವೇ. ಒಂದು ಮಾಲಿನ್ಯದಿಂದ ಇನ್ನೊಂದು ಮಾಲಿನ್ಯಕ್ಕೆ ಮದ್ದು!

ಇಲ್ಲೊಂದು ವಿಚಿತ್ರ ನ್ಯಾಯವಿದೆ. ಗಾಡಿ ಹಾಳಾಗಬಾರದೆಂದು ಮೆಲ್ಲಗೆ, ಕಡಿಮೆ ಆರ್‌ಪಿಎಂನಲ್ಲಿ ಓಡಿಸುತ್ತೀರಾ? ಮಾತಾಡುತ್ತಾ ಸ್ಟಾರ್ಟ್‌ನಲ್ಲೇ ಬಿಡುತ್ತೀರಾ? ಫಿಲ್ಟರ್ ಬೇಗ ಕಟ್ಟುವುದು ನಿಮ್ಮದೇ. ಮುದ್ದು ಮಾಡಿದ ಟ್ರ್ಯಾಕ್ಟರ್‌ಗಿಂತ ಮೈಮುರಿದು ದುಡಿದ ಟ್ರ್ಯಾಕ್ಟರೇ ಆರೋಗ್ಯವಾಗಿರುತ್ತದೆ! ನನಗಂತೂ ಇಡೀ ಕಥೆಯಲ್ಲಿ ಅತಿ ಇಷ್ಟವಾದದ್ದು ಇದೇ.

ಫಿಲ್ಟರ್ ತುಂಬಿದೆ ಎಂದು ಗಾಡಿಗೆ ತಿಳಿಯುವುದು ಹೇಗೆ? ಒಳಗೆ ಇಣುಕಿ ನೋಡುವವರು ಯಾರೂ ಇಲ್ಲ. ಫಿಲ್ಟರಿನ ಹಿಂದೆ ಎಷ್ಟು ಒತ್ತಡ, ಮುಂದೆ ಎಷ್ಟು ಒತ್ತಡ ಎಂದು ಒಂದು ಸೆನ್ಸರ್ ಅಳೆಯುತ್ತದೆ. ವ್ಯತ್ಯಾಸ ಹೆಚ್ಚಾಯಿತೋ, ಮಸಿ ಹೆಚ್ಚಾಯಿತು. ಅಷ್ಟೇ!

ಬಹಳ ಸಲ ರೀಜನ್ ಕೆಲಸದ ನಡುವೆಯೇ ಸದ್ದಿಲ್ಲದೆ ಮುಗಿದುಹೋಗುತ್ತದೆ. ಆಗದಿದ್ದರೆ ದೀಪ ಹೊತ್ತುತ್ತದೆ. ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗುಂಡಿ ಒತ್ತಬೇಕು. ಇಂಜಿನ್ ತಾನೇ ಆರ್‌ಪಿಎಂ ಏರಿಸಿಕೊಂಡು ಗುಂಯ್‌ಗುಡುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸು ಹಿಡಿಯುತ್ತದೆ. ಅಷ್ಟು ಹೊತ್ತು ಉಳುಮೆ ಬಂದ್, ನಿಮಗೆ ಕಡ್ಡಾಯ ಟೀ ವಿರಾಮ!

ಈ ಟೀ ವಿರಾಮವನ್ನು ಸಿಂಗಪುರದ ರಸ್ತೆ ಬದಿಯಲ್ಲಿ ತೆಗೆದುಕೊಳ್ಳುತ್ತೇನೆ ಅಂದರೆ? ಹುಷಾರು! ಅಲ್ಲಿ ನಿಂತ ಗಾಡಿಯ ಇಂಜಿನನ್ನು ಸುಮ್ಮನೆ ಓಡಲು ಬಿಡುವುದು ಅಪರಾಧ. ದಂಡ ಕಟ್ಟಬೇಕಾಗುತ್ತದೆ. ಗಾಳಿ ಶುದ್ಧವಾಗಲಿ ಎಂದು ಕಾನೂನು ಇಂಜಿನ್ ಆರಿಸು ಅನ್ನುತ್ತದೆ. ಗಾಳಿ ಶುದ್ಧ ಮಾಡುವ ಫಿಲ್ಟರೋ, ಇಂಜಿನ್ ಆರಿಸಬೇಡ ಅನ್ನುತ್ತದೆ! ಒನ್-ನಾರ್ತ್‌ನ ಸಿಗ್ನಲ್‌ಗಳಲ್ಲಿ ನಿಂತು ನಿಂತು ಸಾಗಿದ ಲಾರಿಗೆ ಒಳ್ಳೆಯ ಉಪಾಯ, ಎಕ್ಸ್‌ಪ್ರೆಸ್‌ವೇಯಲ್ಲಿ ಒಂದು ಉದ್ದನೆಯ ಓಟ.

ಆಯಿಲ್ ಕಡ್ಡಿ ಎಳೆದು ನೋಡಿದಾಗ ಇಂಜಿನ್ ಆಯಿಲ್ ಕಡಿಮೆಯಾಗಿದ್ದರೆ ಗಾಬರಿಯಾಗುತ್ತೀರಿ. ಹೆಚ್ಚಾಗಿದ್ದರೆ? ಹೌದು, ಆಯಿಲ್ ಹೆಚ್ಚಾಗುವುದೂ ಉಂಟು! ರೀಜನ್‌ಗೆಂದು ತಡವಾಗಿ ಚಿಮ್ಮಿದ ಡೀಸೆಲ್‌ನಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಗೆ ತಾಗಿ, ರಿಂಗ್ ಸಂದಿಯಲ್ಲಿ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಮೇಲಿನ ಗೆರೆ ದಾಟಿತೋ, ಆಯಿಲ್ ತೆಳುವಾಗಿದೆ ಅಂತಲೇ ಅರ್ಥ. ರೀಜನ್ ಅನ್ನು ಪದೇ ಪದೇ ಅರ್ಧಕ್ಕೆ ನಿಲ್ಲಿಸುವವರಿಗೆ ಈ ತೊಂದರೆ ಜಾಸ್ತಿ. ಬಯೋಡೀಸೆಲ್ ಬೆರೆತಿದ್ದರೆ ಇನ್ನೂ ಜಾಸ್ತಿ, ಏಕೆಂದರೆ ಅದು ಡೀಸೆಲ್‌ನಷ್ಟು ಸುಲಭವಾಗಿ ಆವಿಯಾಗಿ ಹೋಗುವುದಿಲ್ಲ. ಹೊಂಗೆ ಎಣ್ಣೆಯ ಡೀಸೆಲ್ ಕನಸು ಕಾಣುವವರು ನೆನಪಿಟ್ಟುಕೊಳ್ಳಿ!

ಎಷ್ಟು ಸುಟ್ಟರೂ ಸುಡದ ಒಂದು ವಸ್ತು ಫಿಲ್ಟರಿನಲ್ಲಿ ಉಳಿಯುತ್ತದೆ. ಅದು ಬೂದಿ. ಹೆಚ್ಚಿನ ಪಾಲು ಡೀಸೆಲ್‌ನದ್ದಲ್ಲ, ಇಂಜಿನ್ ಆಯಿಲ್‌ನದ್ದು! ಆಯಿಲ್‌ಗೆ ಬೆರೆಸಿದ ಕ್ಯಾಲ್ಸಿಯಂ, ಸತುವಿನ ಅಂಶಗಳೇ ಬೂದಿಯಾಗುತ್ತವೆ. ಅದಕ್ಕೇ ಇಂಥ ಗಾಡಿಗೆ ಕಡಿಮೆ ಬೂದಿಯ ಆಯಿಲೇ ಬೇಕು. ಅಂಗಡಿಯವನು ‘ಎಲ್ಲ ಒಂದೇ ಸಾರ್’ ಅಂದರೆ ನಂಬಬೇಡಿ.

ಬೂದಿ ತೆಗೆಯಲು ಫಿಲ್ಟರ್ ಬಿಚ್ಚಲೇಬೇಕು. ಆದರೆ ಅದು ಬೇಗ ಬರುವ ಕೆಲಸವಲ್ಲ. ಅಮೆರಿಕದ ನಿಯಮದಂತೆ ಇಂಥ ಚಿಕ್ಕ ಇಂಜಿನ್‌ಗಳಲ್ಲಿ ಮೊದಲ 3,000 ಗಂಟೆಯೊಳಗೆ ಆ ಕೆಲಸ ಬೀಳುವಂತೆ ಕಂಪನಿಗಳು ಮಾಡುವಂತಿಲ್ಲ. ವರ್ಷಕ್ಕೆ 500 ಗಂಟೆ ಉತ್ತರೂ ಆರು ವರ್ಷ!

ಈಗ ಒಂದು ಮಜಾ ಲೆಕ್ಕ. ಅಮೆರಿಕದ ಟ್ರ್ಯಾಕ್ಟರ್ ಪಟ್ಟಿ ತೆಗೆದು ನೋಡಿ. ಜಾನ್ ಡಿಯರ್ 3025ಇ, 24.7 ಎಚ್‌ಪಿ. ಕುಬೋಟಾ ಎಲ್2501, 24.8 ಎಚ್‌ಪಿ. ಎಲ್ಲ 25ರ ಹೊಸ್ತಿಲಲ್ಲೇ ಬಂದು ನಿಂತುಬಿಟ್ಟಿವೆ! ಕಾರಣ? ಅಲ್ಲಿ 19 ಕಿಲೋವ್ಯಾಟ್, ಅಂದರೆ ಸುಮಾರು 25 ಎಚ್‌ಪಿ ಎಂಬ ಗೆರೆ ಇದೆ. ಗೆರೆಯ ಕೆಳಗಿದ್ದರೆ ಒಂದು ಕಿಲೋವ್ಯಾಟ್-ಗಂಟೆಗೆ 0.40 ಗ್ರಾಂ ಮಸಿ ಬಿಡಬಹುದು. ದಾಟಿದರೆ ಬರೀ 0.03 ಗ್ರಾಂ. ಒಂದೇ ಹೆಜ್ಜೆಗೆ 13 ಪಟ್ಟು ಬಿಗಿ! ಕಾಲು ಎಚ್‌ಪಿ ಬಿಟ್ಟುಕೊಟ್ಟರೆ ಫಿಲ್ಟರಿನ ಗೋಜೇ ಇಲ್ಲ. ಯುರೋಪಿನಲ್ಲೂ ಗೆರೆ ಅದೇ 19 ಕಿಲೋವ್ಯಾಟ್. ಇಂಜಿನಿಯರುಗಳ ಜಾಣತನವನ್ನು ಮೆಚ್ಚುತ್ತೀರೋ ಬೈಯುತ್ತೀರೋ ನಿಮಗೆ ಬಿಟ್ಟದ್ದು!

ನಮ್ಮದೇ ಬೆಂಗಳೂರಿನ ಕಂಪನಿ ವಿಎಸ್‌ಟಿ ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಈ ಗೆರೆಯ ಕೆಳಗೇ ಹೆಸರು ಮಾಡಿದ್ದು. 1967ರಲ್ಲಿ ಹುಟ್ಟಿದ ಇದರ ಪವರ್ ಟಿಲ್ಲರ್ ನೋಡದ ಗದ್ದೆಯೇ ಕಡಿಮೆ. ದ್ರಾಕ್ಷಿ ಸಾಲಿನ ನಡುವೆ ನುಸುಳುವ ಇದರ ಪುಟ್ಟ ಟ್ರ್ಯಾಕ್ಟರ್ ‘ಶಕ್ತಿ’ಗೆ ಇದ್ದದ್ದು ಹದಿನೆಂಟೂವರೆ ಎಚ್‌ಪಿ ಅಷ್ಟೇ. ವಿಎಸ್‌ಟಿಯ ಚಿಕ್ಕ ಟ್ರ್ಯಾಕ್ಟರ್‌ಗಳು ‘ಫೀಲ್ಡ್‌ಟ್ರ್ಯಾಕ್’ ಹೆಸರಲ್ಲಿ ಯುರೋಪಿಗೂ ಹೋಗುತ್ತವೆ!

ಭಾರತದಲ್ಲಿ ಗೆರೆ ಬೇರೆ. 2023ರ ಜನವರಿ 1ರಿಂದ 50 ಎಚ್‌ಪಿ ಮೀರಿದ ಟ್ರ್ಯಾಕ್ಟರ್‌ಗಳಿಗೆ ಮಾತ್ರ ಟ್ರೆಮ್ 4 ಎಂಬ ಬಿಗಿ ನಿಯಮ ಬಂತು. ನಮ್ಮ ರೈತರು ಕೊಳ್ಳುವ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವು ಅದಕ್ಕಿಂತ ಕೆಳಗಿನವು. ಮಂಡ್ಯದ ಕಬ್ಬಿನ ಟ್ರ್ಯಾಲಿ ಎಳೆಯುವ 45 ಎಚ್‌ಪಿ ಗಾಡಿ ರೀಜನ್ ಎಂಬ ಪದವನ್ನೇ ಕೇಳಿಲ್ಲ!

ಅಚ್ಚರಿ ಎಂದರೆ, ಕಟ್ಟುನಿಟ್ಟಿಗೆ ಹೆಸರಾದ ಸಿಂಗಪುರವೂ ರಸ್ತೆಗೊಂದು, ಮಣ್ಣಿಗೊಂದು ನ್ಯಾಯ ಮಾಡಿತು. 2012ರ ಜುಲೈನಿಂದ ಅಲ್ಲಿಗೆ ಬರುವ ಜೆಸಿಬಿಯಂಥ ಯಂತ್ರಗಳ ಇಂಜಿನ್‌ಗೆ ಯುರೋಪಿನ ಹಳೆಯ ಸ್ಟೇಜ್ 2 ಮಟ್ಟ ಸಾಕು ಎಂದಿತು. ಅದಕ್ಕೆ ಫಿಲ್ಟರೇ ಬೇಡ!

ಗಂಧಕ ಈ ಫಿಲ್ಟರ್ ಸಂಸಾರಕ್ಕೆ ದೊಡ್ಡ ಶತ್ರು. ಕೆಟಲಿಸ್ಟನ್ನೇ ಕೆಡಿಸುತ್ತದೆ. ಸಿಂಗಪುರ 2013ರಲ್ಲಿ ಹತ್ತು ಲಕ್ಷ ಭಾಗದಲ್ಲಿ ಹತ್ತೇ ಭಾಗ ಗಂಧಕವಿರುವ ಡೀಸೆಲ್‌ಗೆ ಬದಲಾಯಿತು. ನಮ್ಮಲ್ಲಿ ದೇಶಕ್ಕೆಲ್ಲ ಆ ಡೀಸೆಲ್ ಬಂದದ್ದು 2020ರ ಏಪ್ರಿಲ್ 1ರಂದು, ಲಾಕ್‌ಡೌನ್ ನಡುವೆ. ಎಲ್ಲರೂ ಮನೆಯಲ್ಲಿದ್ದಾಗ ಬಂಕಿನ ಡೀಸೆಲ್ ಸದ್ದಿಲ್ಲದೆ ಶುದ್ಧವಾಗಿಬಿಟ್ಟಿತ್ತು!

ಈ ಫಿಲ್ಟರ್ ನಿನ್ನೆ ಮೊನ್ನೆಯ ಯೋಚನೆ ಅಂದುಕೊಂಡಿರಾ? 1985ರಲ್ಲೇ ಕ್ಯಾಲಿಫೋರ್ನಿಯಾಕ್ಕೆಂದು ಮರ್ಸಿಡಿಸ್ 300ಎಸ್‌ಡಿ ಕಾರಿಗೆ ಮಸಿ ಹಿಡಿಯುವ ಫಿಲ್ಟರ್ ಹಾಕಿದ್ದರು. 2000ದಲ್ಲಿ ಪೆಜೋ 607 ಬಂತು. ಅದು ಡೀಸೆಲ್‌ಗೆ ಸೀರಿಯಂ ಎಂಬ ಲೋಹದ ಔಷಧ ಬೆರೆಸಿ, 600 ಡಿಗ್ರಿಯ ಬದಲು ಸುಮಾರು 450ಕ್ಕೇ ಮಸಿ ಉರಿಯುವಂತೆ ಮಾಡಿತು!

ಟ್ರ್ಯಾಕ್ಟರ್‌ಗೂ ಸಿಂಗಪುರಕ್ಕೂ ನೇರ ಸಂಬಂಧ ಬೇಕೇ? ಚಾಂಗಿ ವಿಮಾನ ನಿಲ್ದಾಣಕ್ಕೆ ಹೋಗಿ. ನಿಮ್ಮ ಸೂಟ್‌ಕೇಸ್ ಸಾಲನ್ನು ವಿಮಾನದವರೆಗೆ ಎಳೆಯುವ ಗಾಡಿಯ ಹೆಸರೂ ಟ್ರ್ಯಾಕ್ಟರೇ. ಅಲ್ಲಿ 2025ರಿಂದ ಹೊಸದಾಗಿ ಸೇರುವ ಟ್ರ್ಯಾಕ್ಟರ್ ಬ್ಯಾಟರಿಯದ್ದೇ ಆಗಬೇಕು. ಅದೇ ವರ್ಷದ ಜನವರಿಯಿಂದ ಊರಲ್ಲಿ ಹೊಸ ಡೀಸೆಲ್ ಕಾರು, ಟ್ಯಾಕ್ಸಿಯ ನೋಂದಣಿಯೂ ಬಂದ್!

ಕೊನೆಗೊಂದು ಮಾತು, ಇದು ಬೆರಗಿಗಲ್ಲ, ಎಚ್ಚರಿಕೆಗೆ. ಡಿಪಿಎಫ್ ಇರುವ ಹಲವು ಟ್ರ್ಯಾಕ್ಟರ್‌ಗಳಲ್ಲಿ ರೀಜನ್ ತಡೆಯಲು ಬೇರೆ ಸ್ವಿಚ್ಚೇ ಇದೆ. ಯಾಕೆ? ಒಣಹುಲ್ಲಿನ ಬಣವೆ ಪಕ್ಕ, ಕೊಟ್ಟಿಗೆಯೊಳಗೆ, ಕಣದ ಅಂಚಿನಲ್ಲಿ 600 ಡಿಗ್ರಿಯ ಕೆಲಸ ಶುರುವಾದರೆ ಗತಿ ಏನು? ಒನ್-ನಾರ್ತ್‌ನಲ್ಲಿ ಕೂತು ಊರಿನ ಅಪ್ಪನಿಗೆ ಹೊಸ ದೊಡ್ಡ ಟ್ರ್ಯಾಕ್ಟರ್ ಕೊಡಿಸುವ ಯೋಚನೆಯಲ್ಲಿರುವ ಕನ್ನಡಿಗರೇ, ಫೋನ್ ಮಾಡಿದಾಗ ಇದನ್ನೂ ಹೇಳಿ: ದೀಪ ಹೊತ್ತಿದರೆ ಮೊದಲು ಬಣವೆಯಿಂದ ದೂರ ತಂದು ಬಯಲಲ್ಲಿ ನಿಲ್ಲಿಸಿ, ಆಮೇಲೆ ಗುಂಡಿ ಒತ್ತಿ, ಮುಗಿಯುವ ತನಕ ಕೀಲಿ ತೆಗೆಯಬೇಡಿ!