ಮುಂಡಗೋಡಿಗೆ ಬನ್ನಿ, ವಾದ ನೋಡಿ!

ಗಂಡ-ಹೆಂಡತಿ ಬೈಕ್ ಹತ್ತಿ,
ಬೇರೆಯವರ ವಾದ ನೋಡೋಕೆ ಹೋಗಿದ್ದೀರಾ?

ಮುಂಡಗೋಡಿಗೆ ಬನ್ನಿ.

ಬೆಳಗ್ಗೆ ಮೊದಲು ಅತ್ತಿವೇರಿ ಪಕ್ಷಿಧಾಮ.
ಚಳಿಗಾಲ ಆದ್ರೆ ಇನ್ನೂ ಒಳ್ಳೇದು.
ಜಲಾಶಯದ ಅಂಚಲ್ಲಿ ಬೆಳ್ಳಕ್ಕಿ, ಚಮಚ ಕೊಕ್ಕು.
ಹಾರ್ನ್ ಮಾತ್ರ ಬೇಡ, ಪ್ಲೀಸ್!

ಆಮೇಲೆ ಟಿಬೆಟನ್ ಕಾಲೊನಿ.
ನಾಡು ಬಿಟ್ಟು ಬಂದವರಿಗೆ
1966ರಲ್ಲಿ ಇಲ್ಲಿ ನೆಲೆ ಸಿಕ್ತು.
ಇಲ್ಲಿ ದಾರಿ ಕೇಳೋದು ಕ್ಯಾಂಪ್ ನಂಬರ್ ಹೇಳಿ.
ಮಧ್ಯಾಹ್ನ ಬಿಸಿ ಮೊಮೊ, ಒಂದು ಬಟ್ಟಲು ತುಕ್ಪಾ.

ಈಗ ಬೈಕ್ ನಿಲ್ಲಿಸಿ.
ಮಠಗಳಿರೋ ಲಾಮಾ ಕ್ಯಾಂಪನ್ನ ನಡೆದೇ ನೋಡ್ಬೇಕು.
ಗಾದೆನ್, ಡ್ರೆಪುಂಗ್.
ಎರಡರ ಮೂಲವೂ ಟಿಬೆಟ್‌ನ ಲ್ಹಾಸಾ ಹತ್ತಿರದ ಮಹಾ ಮಠಗಳು.
ಗಾದೆನ್ ಶುರುವಾಗಿದ್ದು 1409ರಲ್ಲಿ!
ಆ ಪರಂಪರೆ ಈಗ ನಮ್ಮ ಉತ್ತರ ಕನ್ನಡದಲ್ಲಿ.

ಅಂಗಳದಲ್ಲಿ ಭಿಕ್ಷುಗಳ ತರ್ಕ ನಡೀತಿದ್ರೆ,
ನಿಮ್ಮ ಅದೃಷ್ಟ.
ಒಬ್ಬರು ಕೂತಿರ್ತಾರೆ. ಉತ್ತರ ಅವರದ್ದು.
ಇನ್ನೊಬ್ಬರು ನಿಂತಿರ್ತಾರೆ. ಪ್ರಶ್ನೆ ಇವರದ್ದು.
ಕಾಲು ಅಪ್ಪಳಿಸಿ,
ಫಟ್ ಅಂತ ಚಪ್ಪಾಳೆ!
"ಈಗ ಹೇಳು" ಅನ್ನೋ ಹಾಗೆ.

ತಾಳಮದ್ದಳೆ ನೋಡಿದ್ದೀರಲ್ಲ?
ಕೃಷ್ಣ-ಕೌರವರ ಮಾತಿನ ಪಟ್ಟು?
ಅದೇ ಬಿಸಿ.
ಮದ್ದಳೆ ಜಾಗದಲ್ಲಿ ಚಪ್ಪಾಳೆ, ಅಷ್ಟೇ.

ಭಾಷೆ ಅರ್ಥ ಆಗಲ್ಲ.
ಆದ್ರೆ ಯಾರು ಸಿಕ್ಕಿಬಿದ್ರು ಅಂತ
ಮುಖ ನೋಡಿದ್ರೇ ಗೊತ್ತಾಗತ್ತೆ!

ದೂರ ನಿಂತು ನೋಡಿ.
ಫೋಟೊ ಬೇಕಾದ್ರೆ ಕೇಳಿ ತೆಗೀರಿ.
ಪ್ರಾರ್ಥನಾ ಚಕ್ರ ಸಿಕ್ಕಿದ್ರೆ,
ಗಡಿಯಾರದ ದಿಕ್ಕಲ್ಲೇ ತಿರುಗಿಸಿ.

ಮತ್ತೆ, ವಿದೇಶಿ ಗೆಳೆಯರು ಜೊತೆಗಿದ್ರೆ
ಕಾಲೊನಿಗೆ ಮೊದಲೇ ವಿಶೇಷ ಪರವಾನಗಿ ಮಾಡಿಸ್ಬೇಕು.
ನಮಗೆ ನಿಮಗೆ ಅದು ಬೇಡ.
ಹೆಲ್ಮೆಟ್ ಮಾತ್ರ, ಇಬ್ಬರಿಗೂ!