ಹಿಮದ ನಾಡಿನಲ್ಲಿ ಡಾಂಬರಿನ ಪಾಡು

ಲಡಾಖಿನ ಉಮ್ಲಿಂಗ್ ಲಾ ಇರುವುದು 19,024 ಅಡಿ ಎತ್ತರದಲ್ಲಿ. ಗಡಿ ರಸ್ತೆ ಸಂಸ್ಥೆ ಅಲ್ಲಿಗೂ ಡಾಂಬರು ರಸ್ತೆ ಒಯ್ದು 2021ರಲ್ಲಿ ಗಿನ್ನೆಸ್ ದಾಖಲೆ ಪಡೆಯಿತು. ದಾಖಲೆಯೇನೋ ಸರಿ, ಅಂಥ ಚಳಿಯಲ್ಲಿ ಡಾಂಬರು ಬಾಳುವುದು ಹೇಗೆ?

ಡಾಂಬರಿನ ಸ್ವಭಾವ ಜೋನಿಬೆಲ್ಲದ್ದು. ಕಾಯಿಸಿದರೆ ಹರಿಯುತ್ತದೆ, ತಣ್ಣಗಾದರೆ ಬಿಗಿಯುತ್ತದೆ. ಚಳಿ ವಿಪರೀತವಾದರೆ ಬಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಮೇಲ್ಪದರ ಕುಗ್ಗಲು ನೋಡುತ್ತದೆ, ಕೆಳಪದರ ಬಿಡುವುದಿಲ್ಲ. ಆ ಎಳೆತಕ್ಕೆ ರಸ್ತೆ ಅಡ್ಡಡ್ಡ ಸೀಳುತ್ತದೆ. ಅದಕ್ಕೇ ನಮ್ಮ ಬಯಲುಸೀಮೆಗೆ ಹೊಂದುವ ವಿಜಿ-30 ಡಾಂಬರಿನ ಬದಲು ಚಳಿನಾಡಿನಲ್ಲಿ ವಿಜಿ-10 ಬಳಸುತ್ತಾರೆ. 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದರೆ ಇದರ ಸ್ನಿಗ್ಧತೆ ಅದರ ಮೂರನೇ ಒಂದು ಪಾಲು. ಹಾಗೆಂದು ತೀರಾ ಮೆತ್ತಗಿದ್ದರೂ ಆಗದು. ಹಗಲಿನ ಬಿಸಿಲಿಗೆ ಕಪ್ಪು ರಸ್ತೆ ಕಾಯುತ್ತದೆ, ಏರಿನಲ್ಲಿ ತೆವಳುವ ಲಾರಿಗಳ ಗಾಲಿಗೆ ಜಾಡು ಬೀಳುತ್ತದೆ. ಎಸ್‌ಬಿಎಸ್ ಎಂಬ ರಬ್ಬರಿನಂಥ ಪಾಲಿಮರ್ ಬೆರೆಸುವುದು ಈ ಎರಡೂ ತೊಂದರೆಗೆ ಒಟ್ಟಿಗೇ ಮದ್ದು ಮಾಡಲು. ಎತ್ತರದ ಅತಿನೇರಳೆ ಕಿರಣಗಳು ಡಾಂಬರಿಗೆ ಬೇಗ ಮುಪ್ಪು ತರುವುದು ಬೇರೆ.

ಆದರೆ ನನ್ನ ಮಟ್ಟಿಗೆ ಮುಖ್ಯ ಕಥೆ ನಡೆಯುವುದು ಡಾಂಬರಿನ ಕೆಳಗೆ. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ, ಅದರಿಂದಲೇ ರಸ್ತೆ ಉಬ್ಬುತ್ತದೆ ಎನ್ನುವುದು ಸುಲಭದ ವಿವರಣೆ. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1930ರ ಸುಮಾರಿಗೆ ಇದನ್ನು ಕೆಣಕಿದರು. ಮಣ್ಣಿಗೆ ನೀರಿನ ಬದಲು ಬೆಂಜೀನ್ ಉಣಿಸಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟಿದಾಗ ಕುಗ್ಗುವ ದ್ರವ. ಆದರೂ ಮಣ್ಣು ಉಬ್ಬಿತು! ಅಂದರೆ ಉಬ್ಬಿಗೆ ಹಿಗ್ಗುವಿಕೆ ಮುಖ್ಯ ಕಾರಣವಲ್ಲ. ನೆಲದೊಳಗೆ ಮೂಡಿದ ತೆಳು ಮಂಜುಗಡ್ಡೆ ಕೆಳಗಿನ ತೇವವನ್ನು ತನ್ನತ್ತ ಸೆಳೆದುಕೊಳ್ಳುತ್ತ ದಪ್ಪಗಾಗುತ್ತದೆ, ಮೇಲಿದ್ದ ರಸ್ತೆಯನ್ನು ಎತ್ತುತ್ತದೆ. ನುಣುಪಾದ ಹೂಳುಮಣ್ಣಿನಲ್ಲಿ ಈ ಸೆಳೆತ ಜೋರು, ದಪ್ಪ ಜಲ್ಲಿಯಲ್ಲಿ ತೀರಾ ಕಡಿಮೆ. ಚಳಿ ಇಳಿದಾಗ ಗಂಡಾಂತರ ಇನ್ನೂ ಹೆಚ್ಚು: ಮಂಜು ಮೇಲಿನಿಂದ ಕರಗುತ್ತದೆ, ಅಡಿಯಲ್ಲಿ ಇನ್ನೂ ಗಟ್ಟಿಯಾಗಿರುವುದರಿಂದ ನೀರಿಗೆ ಇಳಿಯಲು ದಾರಿಯಿಲ್ಲ. ಕೆಸರಿನ ಮೇಲೆ ಕೂತ ಡಾಂಬರು ಲಾರಿಯ ಭಾರಕ್ಕೆ ಒಡೆಯುತ್ತದೆ. ದುಬಾರಿ ಪಾಲಿಮರ್ ಕೊಳ್ಳುವ ಮುನ್ನ ಜಲ್ಲಿಯ ಹಾಸಿಗೂ ಪಕ್ಕದ ಚರಂಡಿಗೂ ದುಡ್ಡು ಸುರಿಯುವುದು ಜಾಣತನ.

ಹಾಕುವ ಕಷ್ಟವೂ ಸಣ್ಣದಲ್ಲ. ಸುಮಾರು 150 ಡಿಗ್ರಿಯಲ್ಲಿ ಕಲಸಿದ ಮಿಶ್ರಣ ಟಿಪ್ಪರಿನಲ್ಲೇ ಆರುತ್ತ ಬರುತ್ತದೆ. ರೋಲರ್ ಹತ್ತುವಷ್ಟರಲ್ಲಿ ಬಿಗಿದುಕೊಂಡರೆ ಒಳಗೆ ಸಂದು ಉಳಿಯುತ್ತದೆ, ಆ ಸಂದಿಗೆ ಮತ್ತೆ ನೀರು. ಗಾಳಿಯ ಉಷ್ಣತೆ 10 ಡಿಗ್ರಿಗಿಂತ ಇಳಿದರೆ ಡಾಂಬರು ಹಾಕಬಾರದು ಎಂಬ ನಿಯಮ ಇರುವುದು ಇದಕ್ಕೇ. ಎತ್ತರದ ಊರುಗಳಲ್ಲಿ ವರ್ಷಕ್ಕೆ ಕೆಲವೇ ತಿಂಗಳು ಕೆಲಸ. ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ ‘ರೆಜುಪೇವ್’ ಎಂಬ ಜೈವಿಕ ಎಣ್ಣೆ ಬೆರೆಸಿದರೆ 30–40 ಡಿಗ್ರಿ ಕಡಿಮೆ ಬಿಸಿಯಲ್ಲೂ ಮಿಶ್ರಣ ಹದಕ್ಕೆ ಬರುತ್ತದೆ. ಅರುಣಾಚಲದ ಸೇಲಾ ರಸ್ತೆಯಲ್ಲಿ ಅದನ್ನು ಬಳಸಿದ್ದಾರೆ.

ಕರಗಿದ ಹಿಮ ಸದಾ ಹರಿಯುವ ಜೋಜಿ ಲಾದಂಥ ಕಡೆ ಎಂಜಿನಿಯರುಗಳು ಡಾಂಬರಿನ ಹಟ ಬಿಟ್ಟು ಕಾಂಕ್ರೀಟಿನ ಪೇವರ್ ಬ್ಲಾಕ್ ಕೂರಿಸುತ್ತಾರೆ. ನೆಲ ಉಬ್ಬಿ ತಗ್ಗಿದರೆ ಅವನ್ನೇ ಎಬ್ಬಿಸಿ, ಅಡಿಯ ಮರಳು ಸಮಮಾಡಿ ಮತ್ತೆ ಜೋಡಿಸಬಹುದು. ಒಲೆ ಹೊತ್ತಿಸುವ ಅಗತ್ಯವೇ ಇಲ್ಲ.